ಬೇರೆ ರೀತಿಯ ಬದುಕನ್ನು ಗೌರವದಿಂದ ಅರಿಯುವುದು ಹೇಗೆ: ಮಾನವಶಾಸ್ತ್ರ ಕಲಿಸುವ ಕ್ರಮ

ಮೈಸೂರು, ಮಂಡ್ಯ ಕಡೆಯ ಶಾಲಾ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ಭಾವೈಕ್ಯದ ಬಗ್ಗೆ ಭಾಷಣ ನಡೆಯುತ್ತದೆ, ಮಕ್ಕಳಿಗೆ ಬೇರೆ ಬೇರೆ ರಾಜ್ಯಗಳ ಉಡುಪು ತೊಡಿಸಿ ವೇದಿಕೆಯ ಮೇಲೆ ನಿಲ್ಲಿಸುತ್ತಾರೆ, ಪ್ರತಿಜ್ಞೆಯನ್ನೂ ಬೋಧಿಸುತ್ತಾರೆ. ಅದೇ ಮಕ್ಕಳು ಮಧ್ಯಾಹ್ನ ಊಟಕ್ಕೆ ಕುಳಿತಾಗ ಪಕ್ಕದವರ ಡಬ್ಬಿಯಲ್ಲಿರುವುದನ್ನು ನೋಡಿ ಮೂಗು ಮುರಿಯುವುದನ್ನು ಈ ಭಾಷಣ ತಡೆಯುವುದಿಲ್ಲ. ಇನ್ನೊಬ್ಬರ ಬದುಕನ್ನು ಗೌರವಿಸಬೇಕಾದರೆ ಅದು ಹೇಗೆ ನಡೆಯುತ್ತದೆ ಎಂಬುದು ಮೊದಲು ತಿಳಿದಿರಬೇಕು; ತಿಳಿಯುವುದಕ್ಕೆ ಒಂದು ಕ್ರಮ ಬೇಕು. ಆ ಕ್ರಮವನ್ನು ನೂರು ವರ್ಷಗಳಿಗೂ ಮಿಗಿಲಾಗಿ ತಿದ್ದಿ ತೀಡಿಕೊಂಡು ಬಂದಿರುವುದು, ಜನರ ಬದುಕು ಮತ್ತು ರೂಢಿಗಳನ್ನು ಅಧ್ಯಯನ ಮಾಡುವ ಮಾನವಶಾಸ್ತ್ರ. ಹೀಗಾಗಿ ಇಲ್ಲಿ ಗೌರವದ ಮಹತ್ವವನ್ನು ವಿವರಿಸುವುದಕ್ಕಿಂತ, ಆ ಶಾಸ್ತ್ರದ ಕೆಲವು ಅಭ್ಯಾಸಗಳನ್ನು ನಮ್ಮ ಊರುಗಳಲ್ಲೇ ಹೇಗೆ ರೂಢಿಸಿಕೊಳ್ಳಬಹುದು ಎಂಬುದನ್ನು ಹೇಳಲಾಗಿದೆ.

ಶಿಕ್ಷಕರು, ಎನ್‌ಎಸ್‌ಎಸ್ ಶಿಬಿರ ನಡೆಸುವವರು, ಆಶಾ ಕಾರ್ಯಕರ್ತೆಯರು, ಎಚ್.ಡಿ. ಕೋಟೆ ಮತ್ತು ಹುಣಸೂರಿನ ಹಾಡಿಗಳಲ್ಲಿ (ಬುಡಕಟ್ಟು ಜನರ ವಸತಿಗಳಲ್ಲಿ) ಹೊಸದಾಗಿ ಕೆಲಸಕ್ಕೆ ಸೇರಿದವರು, ಹೀಗೆ ದಿನವೂ ಅನ್ಯರ ಮನೆಯ ಹೊಸಿಲು ದಾಟಬೇಕಾದ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದು. ಪದವಿಯ ಅಗತ್ಯವಿಲ್ಲ. ಒಂದು ಟಿಪ್ಪಣಿ ಪುಸ್ತಕ, ಸ್ವಲ್ಪ ಬಿಡುವು, ಮತ್ತು ಕಂಡದ್ದರ ಬಗ್ಗೆ ಅಭಿಪ್ರಾಯವನ್ನು ತುಸು ತಡೆದು ಹೇಳುವ ಸಂಯಮ ಇದ್ದರೆ ಸಾಕು. ಕಷ್ಟವಿರುವುದು ಆ ಕೊನೆಯದರಲ್ಲೇ.

ಮೊದಲು ನಿಮ್ಮ ಮನೆಯ ನೆಂಟಸ್ತಿಕೆ

ಹಾಡಿಗೋ ಟಿಬೆಟನ್ನರು ನೆಲಸಿರುವ ಬೈಲಕುಪ್ಪೆಗೋ ಹೊರಡುವ ಮುನ್ನ ನಿಮ್ಮ ಮನೆಯ ವಂಶಾವಳಿಯ ನಕ್ಷೆಯನ್ನು ಬರೆಯಿರಿ. ಗಂಡಸರಿಗೆ ತ್ರಿಕೋನ, ಹೆಂಗಸರಿಗೆ ವೃತ್ತ, ಮದುವೆಗೆ ಎರಡು ಅಡ್ಡಗೆರೆ, ಒಡಹುಟ್ಟಿದವರನ್ನು ಮೇಲಿನಿಂದ ಕೂಡಿಸುವ ಒಂದು ಗೆರೆ, ಇಷ್ಟೇ ಚಿಹ್ನೆಗಳು. ವಂಶಾವಳಿಯನ್ನು ಹೀಗೆ ಕ್ರಮಬದ್ಧವಾಗಿ ದಾಖಲಿಸುವ ಪದ್ಧತಿಯನ್ನು ರೂಪಿಸಿದವರು ಬ್ರಿಟಿಷ್ ಮಾನವಶಾಸ್ತ್ರಜ್ಞ ಡಬ್ಲ್ಯೂ. ಎಚ್. ಆರ್. ರಿವರ್ಸ್. ಅವರು 1901-02ರಲ್ಲಿ ನಮ್ಮ ನೆರೆಯ ನೀಲಗಿರಿಯಲ್ಲಿ ತೋಡರೆಂಬ ಬುಡಕಟ್ಟಿನವರ ನಡುವೆ ಇದನ್ನು ಬಳಸಿ ಕೆಲಸ ಮಾಡಿದ್ದರು. ಮನೆಯಲ್ಲಿ ಅಜ್ಜಿಯೋ ಸೋದರತ್ತೆಯೋ ಇದ್ದರೆ ಅವರನ್ನು ಕೂರಿಸಿಕೊಂಡು ಬರೆಯುವುದು ಒಳ್ಳೆಯದು. ಮೂರು ತಲೆಮಾರಿನ ಹಿಂದಿನ ಹೆಸರುಗಳು ಬರುವ ಹೊತ್ತಿಗೆ ಯಾರು ಎಲ್ಲಿಂದ ಬಂದರು, ಯಾವ ಮದುವೆ ಮುರಿಯಿತು, ಯಾರ ಹೆಸರನ್ನು ಮನೆಯವರು ಹೇಳಲು ಹಿಂಜರಿಯುತ್ತಾರೆ ಎಂಬುದೂ ಹೊರಬರುತ್ತದೆ.

ನಕ್ಷೆ ಮುಗಿದ ಮೇಲೆ ಅದರಲ್ಲಿ ಒಬ್ಬ ಹುಡುಗನನ್ನು ಗುರುತಿಸಿ, ಇವನಿಗೆ ಯಾರನ್ನು ತಂದುಕೊಳ್ಳಬಹುದು, ಯಾರನ್ನು ತಂದುಕೊಳ್ಳಬಾರದು ಎಂದು ಹಿರಿಯರನ್ನು ಕೇಳಿ. ಮಂಡ್ಯ, ಮೈಸೂರು ಕಡೆಯ ಬಹುಪಾಲು ಹಿಂದೂ ಮನೆಗಳಲ್ಲಿ ಉತ್ತರ ತಡವಿಲ್ಲದೆ ಬರುತ್ತದೆ: ಸೋದರಮಾವನ ಮಗಳು ಆಗುತ್ತಾಳೆ, ಸೋದರತ್ತೆಯ ಮಗಳು ಆಗುತ್ತಾಳೆ, ಎಷ್ಟೋ ಕಡೆ ಅಕ್ಕನ ಮಗಳೂ ಆಗುತ್ತಾಳೆ, ಆದರೆ ಚಿಕ್ಕಪ್ಪನ ಮಗಳು, ದೊಡ್ಡಮ್ಮನ ಮಗಳು ಒಡಹುಟ್ಟಿದವಳ ಸಮಾನ, ಆ ಮಾತೆತ್ತುವುದೇ ತಪ್ಪು. ಇದೇ ಪ್ರಶ್ನೆಯನ್ನು ಮುಸ್ಲಿಂ ಸ್ನೇಹಿತರ ಮನೆಯಲ್ಲಿ ಕೇಳಿದರೆ, ಚಿಕ್ಕಪ್ಪನ ಮಗಳು ಆಗಬಹುದು, ಅಕ್ಕನ ಮಗಳು ಮಾತ್ರ ಎಂದಿಗೂ ಕೂಡದು ಎನ್ನುತ್ತಾರೆ. ಹರಿಯಾಣದ ಜಾಟರು ಈ ಎರಡು ಉತ್ತರಗಳನ್ನೂ ಕೇಳಿ ಕಿವಿ ಮುಚ್ಚಿಕೊಂಡಾರು. ಅವರಲ್ಲಿ ತಂದೆಯ ಗೋತ್ರವೂ ಆಗದು, ತಾಯಿಯ ಗೋತ್ರವೂ ಆಗದು, ಒಂದೇ ಊರಿನ ಹೆಣ್ಣೂ ಆಗದು. ಉತ್ತರ ಮತ್ತು ದಕ್ಷಿಣದ ಈ ಭಿನ್ನತೆಯನ್ನು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲೇ ವಿಸ್ತಾರವಾಗಿ ವಿವರಿಸಿದ್ದಾರೆ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ನಿಷಿದ್ಧ ಸಂಬಂಧಗಳ ಪಟ್ಟಿಯನ್ನು ಕೊಟ್ಟು, ರೂಢಿಯಲ್ಲಿ ಅವಕಾಶವಿದ್ದರೆ ಅದಕ್ಕೆ ವಿನಾಯಿತಿ ಕೊಟ್ಟಿದೆ. ಆ ವಿನಾಯಿತಿ ಇಲ್ಲದಿದ್ದರೆ ನಮ್ಮ ಕಡೆಯ ಎಷ್ಟು ಮದುವೆಗಳು ಕಾನೂನಿನ ಮುಂದೆ ನಿಲ್ಲುತ್ತಿದ್ದವೆಂದು ನಿಮ್ಮ ನಕ್ಷೆಯನ್ನೇ ನೋಡಿ ಹೇಳಬಹುದು.

ಈ ಅಭ್ಯಾಸವನ್ನು ಮೊದಲಿಗೆ ಇಟ್ಟಿರುವುದಕ್ಕೆ ಕಾರಣವಿದೆ. ಅನ್ಯರ ಪದ್ಧತಿಯಿಂದ ಆರಂಭಿಸಿದರೆ ನಮ್ಮದು ಸಹಜ, ಅವರದು ವಿಚಿತ್ರ ಎಂಬ ಅಳತೆಗೋಲು ಕೈಯಲ್ಲೇ ಉಳಿಯುತ್ತದೆ. ನಮ್ಮ ಮನೆಯ ನಿತ್ಯದ ವ್ಯವಹಾರವೇ ಇನ್ನೊಬ್ಬರ ಕಣ್ಣಿಗೆ ಅಸಹ್ಯವೆಂದು ಒಮ್ಮೆ ತಿಳಿದ ಮೇಲೆ, ಅವರಿಗೆ ನೀತಿ ನಿಯಮವೇ ಇಲ್ಲ ಎಂಬ ಮಾತು ನಾಲಿಗೆಯ ಮೇಲೆ ಸುಲಭವಾಗಿ ಬರುವುದಿಲ್ಲ. ಅವರಲ್ಲೂ ಗೆರೆಯಿದೆ, ಅದನ್ನು ಎಳೆದಿರುವ ಜಾಗ ಬೇರೆ ಎಂದು ಕಾಣುತ್ತದೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಕೆಲವು ಆನುವಂಶಿಕ ಕಾಯಿಲೆಗಳ ಸಂಭವ ಹೆಚ್ಚುತ್ತದೆ ಎಂಬ ವೈದ್ಯರ ಎಚ್ಚರಿಕೆ ನಿಜ, ಅದನ್ನು ಮನೆಯವರಿಗೆ ಹೇಳಲೂ ಬೇಕು. ಆದರೆ ಅದು ಆರೋಗ್ಯದ ಪ್ರಶ್ನೆ. ಒಂದು ಜನದ ಯೋಗ್ಯತೆಯನ್ನು ಅದರಿಂದ ಅಳೆಯಲು ಹೊರಡಬಾರದು.

ಪರಿಚಿತವನ್ನು ಪರಕೀಯರಂತೆ ಬರೆಯುವುದು

ಎರಡನೆಯ ಅಭ್ಯಾಸ ಬರವಣಿಗೆಯದು. 1956ರಲ್ಲಿ ಹೊರೇಸ್ ಮೈನರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ತಮ್ಮ ದೇಶದವರ ಬಚ್ಚಲುಮನೆಯ ದಿನಚರಿಯನ್ನು ಯಾವುದೋ ದೂರದ ಬುಡಕಟ್ಟಿನ ಮಂತ್ರಾಚರಣೆ ಎಂಬಂತೆ ವರ್ಣಿಸಿ ಒಂದು ಲೇಖನ ಬರೆದರು. ಓದುಗರು ನಗಬೇಕಾದದ್ದು ತಮ್ಮ ಬಗ್ಗೆಯೇ. ಅದೇ ಜಾಡಿನಲ್ಲಿ, ನಿಮ್ಮ ಮನೆಯ ಒಂದು ಆಚರಣೆಯನ್ನು ಅದರ ಹೆಸರು, ಅರ್ಥ, ಕಾರಣ ಯಾವುದನ್ನೂ ಹೇಳದೆ, ಕಣ್ಣಿಗೆ ಕಂಡಷ್ಟನ್ನೇ ಒಂದು ಪುಟದಲ್ಲಿ ಬರೆಯಿರಿ.

ಮಂಡ್ಯ ಕಡೆಯವರಿಗೆ ಮಹಾಲಯ ಅಮಾವಾಸ್ಯೆಯ ಸುಮಾರಿಗೆ ಹಿರಿಯರಿಗೆ ಎಡೆ ಇಡುವುದಕ್ಕಿಂತ ಒಳ್ಳೆಯ ವಸ್ತು ಸಿಗಲಾರದು. ನಡುಮನೆಯನ್ನು ತೊಳೆದು, ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಹೊಸ ಪಂಚೆ ಮತ್ತು ಸೀರೆಯನ್ನು ಮಡಿಸಿ ಇಡುತ್ತಾರೆ. ಮುಂದೆ ಬಾಳೆಯೆಲೆ ಹಾಸಿ ಮುದ್ದೆ, ಮಟನ್ ಸಾರು, ಕೋಳಿ, ವಡೆ, ಕಜ್ಜಾಯ ಬಡಿಸುತ್ತಾರೆ. ಪಕ್ಕದಲ್ಲಿ ಎಲೆ ಅಡಿಕೆ, ತೀರಿಕೊಂಡ ತಾತನಿಗೆ ಇಷ್ಟವಾಗಿದ್ದ ಬೀಡಿ ಕಟ್ಟು, ಕೆಲವು ಮನೆಗಳಲ್ಲಿ ಒಂದು ಸಣ್ಣ ಬಾಟಲಿಯೂ ಇರುತ್ತದೆ. ಧೂಪ ಹಾಕಿ ಕೈಮುಗಿದು ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಜಗುಲಿಯಲ್ಲಿ ಮಕ್ಕಳು ಪಿಸುಗುಟ್ಟಿದರೂ ಗದರಿಕೆ. ಸ್ವಲ್ಪ ಹೊತ್ತಿನ ನಂತರ ಮನೆಯ ಹಿರಿಯರು ಬಾಗಿಲು ತೆಗೆದು ಒಳಗೆ ಹೋಗುತ್ತಾರೆ, ಆಮೇಲೆ ಉಳಿದವರ ಊಟ. ಅದೇ ಪಕ್ಷದಲ್ಲಿ ಅಗ್ರಹಾರದ ಬೀದಿಯ ಮನೆಯೊಂದರಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಸೋಕದ ಅಡುಗೆ, ಎಳ್ಳು, ದರ್ಭೆ, ಅನ್ನದ ಪಿಂಡ, ಕಾಗೆಗಾಗಿ ಕಾಯುವ ಯಜಮಾನರು.

ಇವೆರಡನ್ನೂ ಬರೆದಿಟ್ಟುಕೊಂಡು ಎದುರುಬದುರು ಓದಿದಾಗ ಎರಡು ರೀತಿಯ ಆತುರಗಳು ಹುಟ್ಟುತ್ತವೆ. ಸತ್ತವರಿಗೆ ಮಾಂಸ, ಮದ್ಯ ಇಡುವುದು ಹೀನವೆಂದು ಒಬ್ಬರಿಗೆ ಅನ್ನಿಸಿದರೆ, ಬದುಕಿದ್ದಾಗ ಬಾಡೂಟ ಮೆಚ್ಚಿದವರಿಗೆ ಈಗ ಸಪ್ಪೆ ಬಡಿಸುವುದು ಯಾವ ನ್ಯಾಯ ಎಂದು ಇನ್ನೊಬ್ಬರಿಗೆ ಅನ್ನಿಸುತ್ತದೆ. ಇದು ಮೊದಲ ಆತುರ. ಎರಡನೆಯದು ಹೆಚ್ಚು ಸಭ್ಯವಾಗಿ ಕಾಣುವಂಥದ್ದು: ಎಲ್ಲವೂ ಒಂದೇ, ಭಾವ ಮುಖ್ಯ ಎಂದುಬಿಡುವುದು. ಅಗಲಿದವರಿಗೆ ಉಣಿಸಬೇಕೆಂಬ ಬಯಕೆ ಎರಡು ಮನೆಗಳಲ್ಲೂ ಇದೆ, ನಿಜ. ಆದರೆ ಒಂದರಲ್ಲಿ ತೀರಿಕೊಂಡವರು ತಮ್ಮ ರುಚಿ, ಚಟಗಳ ಸಮೇತ ಮನೆಯ ಸದಸ್ಯರಾಗಿಯೇ ವರ್ಷಕ್ಕೊಮ್ಮೆ ಬರುತ್ತಾರೆ. ಇನ್ನೊಂದರಲ್ಲಿ ಅವರು ಪಿತೃಗಳೆಂಬ ವರ್ಗಕ್ಕೆ ಸೇರಿ ವಿಧಿಯ ಮೂಲಕವೇ ತಲುಪಬೇಕಾದವರಾಗುತ್ತಾರೆ. ಈ ವ್ಯತ್ಯಾಸವನ್ನು ಅಳಿಸಿಹಾಕಿ ಕೊಡುವ ಗೌರವವನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಏಕೆಂದರೆ ಅದು ಎದುರಿನವರನ್ನು ನೋಡುವ ಶ್ರಮವನ್ನೇ ತಪ್ಪಿಸುತ್ತದೆ.

ಹೋದ ಮನೆಯಲ್ಲಿ

ಇಷ್ಟಾದ ಮೇಲೆ ಹೊರಗೆ ಹೋಗಬಹುದು. ಮೊದಲ ಭೇಟಿಯಲ್ಲಿ ಪ್ರಶ್ನಾವಳಿ ಬೇಡ. ಯಾರ ಮನೆಯಾದರೂ ಸರಿ, ವಯಸ್ಸಿನಲ್ಲಿ ದೊಡ್ಡವರನ್ನು ಬಹುವಚನದಲ್ಲೇ ಮಾತನಾಡಿಸಿ. ಇದು ಹೇಳಬೇಕಾದ ಮಾತೇ ಎನ್ನಿಸಬಹುದು. ಆದರೆ ಹಾಡಿಗೆ ಬರುವ ನೌಕರರು ಅರವತ್ತು ದಾಟಿದ ಜೇನುಕುರುಬರ ಯಜಮಾನರನ್ನು ಏಕವಚನದಲ್ಲಿ ಕರೆಯುವುದೂ, ಪೇಟೆಯ ಮನೆಗಳಲ್ಲಿ ಕೆಲಸದ ಹಿರಿಯ ಹೆಂಗಸನ್ನು ಮಕ್ಕಳು ಕೂಡ ಹಾಗೆಯೇ ಕರೆಯುವುದೂ ಇಂದಿಗೂ ನಡೆದಿದೆ. ಕುಳಿತುಕೊಳ್ಳುವಾಗ ಮನೆಯವರು ಚಾಪೆಯ ಮೇಲಿದ್ದರೆ ನೀವೂ ಚಾಪೆಯ ಮೇಲೇ ಕುಳಿತುಕೊಳ್ಳಿ. ನಿಮಗಾಗಿ ಪಕ್ಕದ ಮನೆಯಿಂದ ಕುರ್ಚಿ ತರಿಸುವುದನ್ನು ಮೆತ್ತಗೆ ತಡೆಯಿರಿ.

ಕೊಟ್ಟ ನೀರನ್ನು, ಕಾಫಿಯನ್ನು ತೆಗೆದುಕೊಳ್ಳುವುದು ನಮ್ಮ ಸೀಮೆಯಲ್ಲಿ ಬರಿಯ ಶಿಷ್ಟಾಚಾರವಲ್ಲ. ದಲಿತ ಕೇರಿಯ ಮನೆಯೊಂದರಲ್ಲಿ ನೀವು ಲೋಟ ಮುಟ್ಟದೆ, ಈಗಷ್ಟೇ ಕುಡಿದು ಬಂದೆ ಎಂದರೆ, ಆ ನೆಪವನ್ನು ಅವರ ತಂದೆ, ತಾತ ಎಷ್ಟು ಸಲ ಕೇಳಿದ್ದಾರೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಮಾಂಸ ತಿನ್ನದವರು ಹಾಗೆಂದು ನೇರವಾಗಿ ಹೇಳಿ, ಬೇರೆ ಏನಾದರೂ ಇದ್ದರೆ ಕೇಳಿ ತಿನ್ನಬಹುದು. ಯಾರೂ ಅದನ್ನು ತಪ್ಪು ತಿಳಿಯುವುದಿಲ್ಲ. ಮುಖ ಹಿಂಡಿಕೊಳ್ಳುವುದನ್ನು ಮಾತ್ರ ಎಲ್ಲರೂ ಗಮನಿಸುತ್ತಾರೆ. ಬೈಲಕುಪ್ಪೆಯ ಟಿಬೆಟನ್ ಮನೆಯಲ್ಲಿ ಉಪ್ಪು ಮತ್ತು ಬೆಣ್ಣೆ ಹಾಕಿದ ಚಹಾ ಕೊಟ್ಟರೆ, ಇದೆಂಥ ಚಹಾ ಎಂದು ಉದ್ಗರಿಸುವ ಮೊದಲು, ಇದನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದರೆ ಮಾತು ತಾನಾಗಿ ಬೆಳೆಯುತ್ತದೆ.

ಯಾಕೆ ಹೀಗೆ ಮಾಡುತ್ತೀರಿ ಎಂಬ ಪ್ರಶ್ನೆ ಪೊಲೀಸ್ ಠಾಣೆಯ ವಿಚಾರಣೆಯಂತೆ ಕೇಳಿಸುತ್ತದೆ, ಉತ್ತರವೂ ಬಹುಮಟ್ಟಿಗೆ ನಮ್ಮ ಹಿರಿಯರ ಕಾಲದಿಂದ ಬಂದದ್ದು ಎಂಬಲ್ಲಿಗೆ ನಿಲ್ಲುತ್ತದೆ. ಅದರ ಬದಲು, ಹೋದ ವರ್ಷ ಈ ಹಬ್ಬ ಹೇಗೆ ನಡೆಯಿತು, ಯಾರು ಯಾರು ಬಂದಿದ್ದರು, ಅಡುಗೆ ಯಾರದು, ಖರ್ಚು ಯಾರು ಹಾಕಿದರು, ಈ ಸಲ ಏನಾದರೂ ಬದಲಾಯಿತೆ ಎಂದು ನಡೆದ ಒಂದು ಪ್ರಸಂಗವನ್ನೇ ಹಿಡಿದು ಕೇಳಿ. ಜನ ತತ್ತ್ವ ಹೇಳುವುದಕ್ಕಿಂತ ನಡೆದದ್ದನ್ನು ಹೇಳುವುದರಲ್ಲಿ ಹೆಚ್ಚು ನಿಖರ.

ಯಾರ ಮನೆಯಲ್ಲಿ ಕುಳಿತು ಕೇಳುತ್ತೀರಿ ಎಂಬುದೂ ಮುಖ್ಯ. ಮೈಸೂರಿನಲ್ಲೇ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲಸಿ ಅಧ್ಯಯನ ಮಾಡಿದರು. ಅದಕ್ಕೆ ಅವರು ರಾಂಪುರವೆಂಬ ಹೆಸರು ಕೊಟ್ಟರು. ಅವರು ಉಳಿದುಕೊಂಡದ್ದು ಊರಿನ ಪಟೇಲರಿಗೆ ಸೇರಿದ, ಎತ್ತುಗಳನ್ನು ಕಟ್ಟುವ ಮನೆಯಲ್ಲಿ. ಊರಿನ ಅಧಿಕಾರ ಹೇಗೆ ನಡೆಯುತ್ತದೆಂಬುದು ಅಲ್ಲಿಂದ ಚೆನ್ನಾಗಿ ಕಂಡಿತು, ಪ್ರಬಲ ಜಾತಿ (ಜನಸಂಖ್ಯೆ, ಜಮೀನು, ಅಧಿಕಾರಗಳ ಬಲದಿಂದ ಊರನ್ನು ನಡೆಸುವ ಜಾತಿ) ಎಂಬ ಅವರ ಪ್ರಸಿದ್ಧ ಪರಿಕಲ್ಪನೆಗೆ ಆ ಅನುಭವವೇ ಆಧಾರವಾಯಿತು. ಅದೇ ಹಳ್ಳಿ ದಲಿತ ಕೇರಿಯ ಕಡೆಯಿಂದ ಹೇಗೆ ಕಾಣುತ್ತಿತ್ತು ಎಂಬ ಪ್ರಶ್ನೆಯನ್ನು ನಂತರದ ವಿಮರ್ಶಕರು ಎತ್ತಿದ್ದಾರೆ, ಎತ್ತಬೇಕಾದ ಪ್ರಶ್ನೆಯೇ ಅದು. ಹೀಗಾಗಿ ಒಂದೇ ವಿಷಯವನ್ನು ಜಮೀನು ಇರುವವರ ಮನೆಯಲ್ಲೊಮ್ಮೆ, ಕೂಲಿಗೆ ಹೋಗುವವರ ಮನೆಯಲ್ಲೊಮ್ಮೆ, ಗಂಡಸರಿಲ್ಲದ ಹೊತ್ತಿನಲ್ಲಿ ಹೆಂಗಸರ ಬಳಿ ಇನ್ನೊಮ್ಮೆ ಕೇಳುವುದು ಒಳ್ಳೆಯದು; ಈ ಕೊನೆಯ ಕೆಲಸಕ್ಕೆ ವಿದ್ಯಾರ್ಥಿನಿಯರನ್ನೇ ಕಳುಹಿಸಿ. ಮೂರು ಉತ್ತರಗಳು ಹೊಂದದೆ ಇದ್ದರೆ ಗಾಬರಿಯಾಗಬೇಕಿಲ್ಲ. ಆ ಜನ ಹೀಗೆ ಎಂದು ಒಂದೇ ವಾಕ್ಯದಲ್ಲಿ ಹೇಳಲಾಗದು ಎಂಬ ಅರಿವು ಬರುವುದು ಅಲ್ಲಿಯೇ.

ಇತಿಹಾಸ ಕೇಳದೆ ಸ್ವಭಾವ ಹೇಳಬಾರದು

ಒಂದು ಸಮುದಾಯದ ನಡವಳಿಕೆಯನ್ನು ಅದರ ರಕ್ತಗುಣವೆಂದು ಹೇಳುವ ರೋಗ ಮಾನವಶಾಸ್ತ್ರಕ್ಕೂ ಒಂದು ಕಾಲದಲ್ಲಿ ತಗುಲಿತ್ತು. 1901ರ ಜನಗಣತಿಯ ಆಯುಕ್ತರಾಗಿದ್ದ ಹರ್ಬರ್ಟ್ ರಿಸ್ಲೆ ಮೂಗಿನ ಅಳತೆಯಿಂದ ಜಾತಿಯ ಸ್ಥಾನವನ್ನು ವಿವರಿಸಲು ಹೊರಟಿದ್ದರು. 1871ರ ಕಾಯ್ದೆಯೊಂದು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿತು; ಆ ಪಟ್ಟಿ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ. ಇಂಥ ವಾದಗಳನ್ನು ಒಳಗಿನಿಂದಲೇ ಪ್ರಶ್ನಿಸಿದವರಲ್ಲಿ ಅಮೆರಿಕದಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಫ್ರಾನ್ಸ್ ಬೋಆಸ್ ಪ್ರಮುಖರು. ಅಮೆರಿಕಕ್ಕೆ ವಲಸೆ ಬಂದವರ ಮಕ್ಕಳ ತಲೆಯ ಆಕಾರ ಹೆತ್ತವರಿಗಿಂತ ಭಿನ್ನವಾಗಿರುವುದನ್ನು ಅಳೆದು ತೋರಿಸಿ, ಬದಲಾಗದ ಜನಾಂಗೀಯ ಲಕ್ಷಣಗಳೆಂಬ ನಂಬಿಕೆಗೆ ಪೆಟ್ಟು ಕೊಟ್ಟರು. ಮನುಷ್ಯರ ಆನುವಂಶಿಕ ವೈವಿಧ್ಯದಲ್ಲಿ ಸುಮಾರು ಶೇ. 85ರಷ್ಟು ಯಾವುದೇ ಒಂದು ಜನಸಮೂಹದ ಒಳಗೇ ಇರುತ್ತದೆ ಎಂದು 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ ಲೆಕ್ಕ ಹಾಕಿದರು.

ಆದರೆ ಈ ಪಾಠಕ್ಕೆ ನಮಗೆ ಅಮೆರಿಕದ ಉದಾಹರಣೆ ಬೇಕಿಲ್ಲ, ಮಂಡ್ಯದಲ್ಲೇ ಅದಕ್ಕಿಂತ ಒಳ್ಳೆಯದಿದೆ. 1954ರಿಂದ 1956ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ, ಅಂದರೆ ಜನರ ನಡುವೆಯೇ ಇದ್ದು ಅಧ್ಯಯನ ಮಾಡಿದರು. ಅವುಗಳಿಗೆ ಅವರು ಇಟ್ಟ ಹೆಸರು ವಂಗಲ ಮತ್ತು ದಲೇನ. ಎರಡರಲ್ಲೂ ಒಕ್ಕಲಿಗರೇ ಹೆಚ್ಚು, ಹಳೆಯ ರೂಢಿಗಳೂ ಒಂದೇ ತೆರನಾದವು. ಕೃಷ್ಣರಾಜಸಾಗರದ ನಾಲೆ ಬಂದಾಗ ವಂಗಲದ ಭೂಮಿಗೆ ನೀರು ಹರಿಯಿತು, ಮೇಲುಮಟ್ಟದಲ್ಲಿದ್ದ ದಲೇನದ ಭೂಮಿಗೆ ಹತ್ತಲಿಲ್ಲ. ನೀರು ಬಂದ ಊರಿನವರು ಕಬ್ಬು, ಭತ್ತ ಬೆಳೆದು ಹೊಲದಲ್ಲೇ ಉಳಿದರು. ಹಣ ಬಂದರೂ ಒಕ್ಕಲಿಗರಿಗೂ ಕೂಲಿಯವರಿಗೂ ಇದ್ದ ವಂಶಪಾರಂಪರ್ಯದ ಸಂಬಂಧಗಳು ಬಹುಮಟ್ಟಿಗೆ ಹಾಗೆಯೇ ಮುಂದುವರಿದವು. ನೀರು ಬರದ ಊರಿನವರು ಮಂಡ್ಯದ ಕಡೆ ಮುಖ ಮಾಡಿ ನೌಕರಿ, ವ್ಯಾಪಾರ, ಗಾಡಿ ಬಾಡಿಗೆ ಹಿಡಿದರು; ಅಲ್ಲಿ ಹಳೆಯ ಕಟ್ಟುಗಳು ಬೇಗ ಸಡಿಲವಾದವು. ಕೆಲವೇ ವರ್ಷಗಳಲ್ಲಿ ಒಂದು ಊರಿನವರು ಸಂಪ್ರದಾಯಸ್ಥರು, ಇನ್ನೊಂದು ಊರಿನವರು ಚುರುಕಿನವರು ಎಂದು ಹೊರಗಿನವರು ಹೇಳುವಂತಾಗಿದ್ದರೆ, ಅದರ ಹಿಂದೆ ಇದ್ದದ್ದು ನಾಲೆಯ ಮಟ್ಟ.

ಆದ್ದರಿಂದ ಯಾವುದೇ ಸಮುದಾಯದ ಬಗ್ಗೆ ಅವರು ಹೀಗೇ ಎಂಬ ಮಾತು ಬಾಯಿಗೆ ಬಂದಾಗ, ಈ ಜನ ಐವತ್ತು ವರ್ಷಗಳ ಹಿಂದೆ ಎಲ್ಲಿದ್ದರು, ಏನು ಉಣ್ಣುತ್ತಿದ್ದರು, ಅದನ್ನು ಯಾರು ತಪ್ಪಿಸಿದರು ಎಂದು ಕೇಳುವುದನ್ನು ನಿಯಮ ಮಾಡಿಕೊಳ್ಳಿ. ಜೇನುಕುರುಬರ ಮಕ್ಕಳು ಶಾಲೆಗೆ ಸರಿಯಾಗಿ ಬರುವುದಿಲ್ಲ ಎಂದು ದೂರುವ ಶಿಕ್ಷಕರು, ಕಬಿನಿ ಜಲಾಶಯಕ್ಕಾಗಿ, ಆಮೇಲೆ ನಾಗರಹೊಳೆಯ ರಕ್ಷಿತಾರಣ್ಯಕ್ಕಾಗಿ ಎಷ್ಟು ಹಾಡಿಗಳು ಎದ್ದುಹೋದವೆಂದು ಆ ಮಕ್ಕಳ ಅಜ್ಜಂದಿರನ್ನೇ ಕೇಳಬಹುದು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಬೇಟೆ ನಿಂತ ಮೇಲೆ ಗಿಡಮೂಲಿಕೆ, ಕೂದಲೆಣ್ಣೆಯ ವ್ಯಾಪಾರ ಹಿಡಿದು ಆಫ್ರಿಕಾದ ದೇಶಗಳವರೆಗೂ ಹೋಗಿಬರುತ್ತಾರೆ. 2023ರಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಕೊಂಡ ಕನ್ನಡಿಗರಲ್ಲಿ ಈ ಸಮುದಾಯದವರಿದ್ದರು. ಮನೆಯಲ್ಲಿ ವಾಗ್ರಿ, ಸಂತೆಯಲ್ಲಿ ಕನ್ನಡ, ಪರದೇಶದಲ್ಲಿ ಅಲ್ಲಿಯ ಮಾತು ಆಡುವವರನ್ನು ಹಿಂದುಳಿದವರು ಎಂಬ ಒಂದೇ ಖಾನೆಗೆ ತುಂಬಿಸುವುದು ಅಧ್ಯಯನದ ದೃಷ್ಟಿಯಿಂದಲೂ ಕೆಟ್ಟ ಕೆಲಸ.

ಅರಿಯುವುದೂ ಒಪ್ಪುವುದೂ

ಎಲ್ಲವನ್ನೂ ಅವರವರ ಸಂಸ್ಕೃತಿ ಎಂದು ಬಿಟ್ಟುಬಿಡಬೇಕೆ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಂದ ಬಂದೇ ಬರುತ್ತದೆ. ಸಂಸ್ಕೃತಿ ಸಾಪೇಕ್ಷತೆ ಎಂಬುದು ಮೊದಲಿಗೆ ಒಂದು ಅಧ್ಯಯನ ವಿಧಾನ: ಒಂದು ಆಚರಣೆಯನ್ನು ಅದನ್ನು ಮಾಡುವವರ ಜಗತ್ತಿನೊಳಗಿಟ್ಟು ಅರ್ಥಮಾಡಿಕೊಳ್ಳುವವರೆಗೆ ತೀರ್ಪು ತಡೆಯಬೇಕು ಎಂದಷ್ಟೇ ಅದು ಕೇಳುತ್ತದೆ. ಅಸ್ಪೃಶ್ಯತೆಯನ್ನು ಹೀಗೆ ಅಧ್ಯಯನ ಮಾಡಬಹುದು, ಮಾಡಲೂ ಬೇಕು. ಅದರಿಂದ ಅದು ಗೌರವಕ್ಕೆ ಅರ್ಹವಾಗುವುದಿಲ್ಲ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾದಾಗ, ವರದಕ್ಷಿಣೆ, ಜಮೀನಿನ ಪಾಲು, ಚಿಕ್ಕ ಕುಟುಂಬದ ಆಸೆ ಇವುಗಳ ಹೆಣಿಗೆಯನ್ನು ಬಿಡಿಸಿ ನೋಡದೆ ಬರಿಯ ಬೈಗುಳದಿಂದ ಏನೂ ತಿಳಿಯುತ್ತಿರಲಿಲ್ಲ. ಆದರೆ ಬಿಡಿಸಿ ನೋಡಿದ ಮಾತ್ರಕ್ಕೆ ಅಪರಾಧ ಹಗುರವಾಗಲೂ ಇಲ್ಲ.

ಅನುಮಾನ ಬಂದಾಗ ಎರಡು ವಿಚಾರಗಳನ್ನು ಗಮನಿಸಿದರೆ ದಾರಿ ಸಿಗುತ್ತದೆ. ಈ ಪದ್ಧತಿಯ ಬೆಲೆಯನ್ನು ತೆರುತ್ತಿರುವವರು ಯಾರು, ಮತ್ತು ಅವರಿಗೆ ಬೇಡವೆನ್ನುವ ಅವಕಾಶ ಇದೆಯೆ? ಆ ಸಮುದಾಯದ ಒಳಗೇ ಇದನ್ನು ವಿರೋಧಿಸುವವರು ಯಾರು? ಎಲ್ಲ ಸಮುದಾಯಗಳಲ್ಲೂ ಒಳಗಿನ ವಿರೋಧ ಇದ್ದೇ ಇರುತ್ತದೆ, ಹೊರಗಿನಿಂದ ಬಂದವರ ಕಿವಿಗೆ ಅದು ತಡವಾಗಿ ಬೀಳುತ್ತದೆ. ಯಜಮಾನರ ಮಾತನ್ನೇ ಇಡೀ ಜನದ ಮಾತೆಂದು ಬರೆದುಕೊಂಡು ಬಂದರೆ, ಗೌರವಿಸಿದಂತಾಗುವುದು ಯಜಮಾನರನ್ನು ಮಾತ್ರ.

ಟಿಪ್ಪಣಿ, ಫೋಟೊ, ಮರಳಿ ಓದಿಸುವುದು

ಕಂಡದ್ದನ್ನು ಆ ರಾತ್ರಿಯೇ ಬರೆಯಿರಿ. ಎಡಪುಟದಲ್ಲಿ ಕಣ್ಣಾರೆ ಕಂಡದ್ದು ಮತ್ತು ಅವರೇ ಆಡಿದ ಮಾತು, ಬಲಪುಟದಲ್ಲಿ ನಿಮಗೆ ಅನ್ನಿಸಿದ್ದು. ಬೇಸರ, ಹೇಸಿಗೆ, ಸಿಟ್ಟು ಬಂದಿದ್ದರೆ ಅದನ್ನೂ ಬಲಪುಟದಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿ. ಕ್ಷೇತ್ರಕಾರ್ಯದ ಗುರುವೆನಿಸಿದ ಮಲಿನೋವ್‌ಸ್ಕಿಯವರ ಖಾಸಗಿ ದಿನಚರಿ ಅವರ ಮರಣಾನಂತರ 1967ರಲ್ಲಿ ಪ್ರಕಟವಾದಾಗ, ತಾವು ಅಧ್ಯಯನ ಮಾಡಿದ ಜನರ ಬಗ್ಗೆ ಅವರು ಬರೆದುಕೊಂಡಿದ್ದ ಕಟುಮಾತುಗಳಿಂದ ವಿದ್ವಾಂಸರು ದಂಗಾದರು. ನನಗೇನೋ ಆ ಮಾತುಗಳು ಬೇರೆಯ ಪುಟದಲ್ಲಿ ಉಳಿದುಕೊಂಡದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಬರೆಯದೆ ಬಿಟ್ಟ ಅಸಹನೆ ವರದಿಯ ವಿಶೇಷಣಗಳೊಳಗೆ ನುಸುಳುತ್ತದೆ. ಟಿಪ್ಪಣಿಗಳ ಪ್ರತಿಯನ್ನು ಬೇರೊಂದು ಜಾಗದಲ್ಲಿ ಇಡಿ. ಶ್ರೀನಿವಾಸರು ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಒಂದೇ ಕೋಣೆಯಲ್ಲಿದ್ದವು. 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಅವು ಸಿಕ್ಕಿದವು, ರಾಂಪುರದ ಪುಸ್ತಕವನ್ನು ಅವರು ನೆನಪಿನಿಂದ ಬರೆಯಬೇಕಾಯಿತು.

ಫೋಟೊ ತೆಗೆಯುವ ಮುನ್ನ ಕೇಳಬೇಕು, ಅದು ಎಲ್ಲಿ ಹೋಗುತ್ತದೆ ಎಂಬುದನ್ನೂ ಹೇಳಬೇಕು. ದಸರಾ ಸಮಯದಲ್ಲಿ ಅರಮನೆಯ ಆವರಣದಲ್ಲಿ ಬಿಡಾರ ಹೂಡುವ ಮಾವುತರು, ಕಾವಾಡಿಗಳ ಮನೆಯವರು ಅಡುಗೆ ಮಾಡುವುದನ್ನೂ, ಮಕ್ಕಳಿಗೆ ಸ್ನಾನ ಮಾಡಿಸುವುದನ್ನೂ ರೀಲ್ಸ್ ಮಾಡಿ ಹಾಕುವವರು ತಮ್ಮ ಬಚ್ಚಲಿನ ಮುಂದೆ ಅಪರಿಚಿತರು ಮೊಬೈಲ್ ಹಿಡಿದು ನಿಂತರೆ ಸುಮ್ಮನಿರುತ್ತಾರೆಯೆ? ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವುದಾದರೆ ಮೊದಲ ದಿನ ಮೊಬೈಲ್‌ಗಳು ಚೀಲದಲ್ಲೇ ಇರಲಿ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ, ವೆಲ್ಲಿಂಗ್ಟನ್ ಹೌಸಿನಲ್ಲಿರುವ ಮಾನವ ಸಂಗ್ರಹಾಲಯದ ಕೇಂದ್ರ, ಇವು ನೋಡುವ ಅಭ್ಯಾಸಕ್ಕೆ ಒಳ್ಳೆಯ ಜಾಗಗಳು. ಇಡೀ ಸಂಗ್ರಹವನ್ನು ಸುತ್ತಿಸುವ ಬದಲು ಒಬ್ಬೊಬ್ಬರಿಗೆ ಒಂದೊಂದು ವಸ್ತು ವಹಿಸಿ, ಅದನ್ನು ಯಾರು ಮಾಡಿರಬಹುದು, ಯಾವ ಕೈ ಹಿಡಿದು ಸವೆಸಿರಬಹುದು, ಈಗ ಆ ಕೆಲಸಕ್ಕೆ ಏನು ಬಳಸುತ್ತಾರೆ ಎಂದು ಬರೆಸಿ.

ವರದಿ ಸಿದ್ಧವಾದ ಮೇಲೆ ಅದನ್ನು ಕಾಲೇಜಿಗೆ ಒಪ್ಪಿಸುವ ಮೊದಲು ಅದು ಯಾರ ಕುರಿತಾದದ್ದೋ ಅವರ ಮುಂದೆ ಗಟ್ಟಿಯಾಗಿ ಓದಿ. ಹೆಸರುಗಳನ್ನು ಬದಲಿಸಿರಬೇಕು, ಗುರುತು ಹತ್ತುವ ಮನೆಜಗಳಗಳನ್ನು ತೆಗೆದಿರಬೇಕು. ಓದುವಾಗ ಅವರು ಎಲ್ಲಿ ನಗುತ್ತಾರೆ, ಎಲ್ಲಿ ಮುಖ ತಿರುಗಿಸುತ್ತಾರೆ ಎಂಬುದನ್ನು ಅಂಚಿನಲ್ಲಿ ಗುರುತು ಮಾಡಿಕೊಳ್ಳಿ. ತಿದ್ದುಪಡಿ ಬೇಕಾದ ಸಾಲುಗಳು ಅವೇ. ಇದು ತಪ್ಪು ಎಂದು ಅವರು ಹೇಳಿದ್ದನ್ನು ನೀವು ಒಪ್ಪದಿದ್ದರೆ, ನಿಮ್ಮ ಮಾತಿನ ಕೆಳಗೆ ಅವರ ಆಕ್ಷೇಪವನ್ನು ಅವರದೇ ಮಾತಿನಲ್ಲಿ ಸೇರಿಸಿ, ಒಂದು ಪ್ರತಿಯನ್ನು ಅವರಿಗೆ ಕೊಟ್ಟು ಬನ್ನಿ.